ಪ್ರಾಧ್ಯಾಪಕರ ಕೇರಿ ಪ್ರಾಧ್ಯಾಪಕರಿಗೇ ದುಬಾರಿ: ಪಾಲೊ ಆಲ್ಟೊ ಮನೆಗಳ ಲೆಕ್ಕಾಚಾರ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಪಾಲೊ ಆಲ್ಟೊ ನಗರದಲ್ಲಿ 'ಪ್ರೊಫೆಸರ್‌ವಿಲ್' ಎಂಬ ಹೆಸರಿನ ಹಳೆಯ ಬಡಾವಣೆಯೊಂದಿದೆ. ಪಕ್ಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯ 1891ರಲ್ಲಿ ಬಾಗಿಲು ತೆರೆದ ಹೊಸದರಲ್ಲಿ ಅಲ್ಲಿ ಪಾಠ ಹೇಳಲು ಬಂದ ಅಧ್ಯಾಪಕರು ಕಟ್ಟಿಕೊಂಡ ಮರದ ಮನೆಗಳು ಇಂದಿಗೂ ಅಲ್ಲಿ ಸಾಲಾಗಿ ನಿಂತಿವೆ. ಬಡಾವಣೆಗೆ ಹೆಸರು ಬಂದದ್ದೇ ಅವರಿಂದ. ಅಮೆರಿಕ ಸರ್ಕಾರ ಇದನ್ನು ಐತಿಹಾಸಿಕ ತಾಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿದೆ. ಆದರೆ ಇಂದು ಅದೇ ವಿಶ್ವವಿದ್ಯಾನಿಲಯಕ್ಕೆ ಹೊಸದಾಗಿ ನೇಮಕಗೊಂಡ ಅಧ್ಯಾಪಕರೊಬ್ಬರು ಸಂಬಳವನ್ನಷ್ಟೇ ನಂಬಿಕೊಂಡು ಈ ಬೀದಿಯಲ್ಲಿ ಮನೆ ಕೊಳ್ಳುವುದು ಅಸಾಧ್ಯವೆನ್ನುವಷ್ಟು ಕಷ್ಟ.

ಪಾಲೊ ಆಲ್ಟೊದಲ್ಲಿ ಒಂದು ಸಾಮಾನ್ಯ ಸ್ವತಂತ್ರ ಮನೆಯ ಬೆಲೆ ಇತ್ತೀಚಿನ ವರ್ಷಗಳಲ್ಲಿ 30 ಲಕ್ಷ ಡಾಲರ್ ಮೀರಿದೆ. ನಮ್ಮ ಲೆಕ್ಕದಲ್ಲಿ ಇದು 25 ಕೋಟಿ ರೂಪಾಯಿಗೂ ಹೆಚ್ಚು. ಇದು ಅರಮನೆಯ ಬೆಲೆಯಲ್ಲ. ಮೂರು ಮಲಗುವ ಕೋಣೆ, ಮುಂದೊಂದು ಹುಲ್ಲುಹಾಸು, ಕಾರು ನಿಲ್ಲಿಸಲು ಒಂದು ಗ್ಯಾರೇಜು ಇರುವ, ಐವತ್ತು ಅರವತ್ತು ವರ್ಷ ಹಳೆಯದಾದ ಒಂದಂತಸ್ತಿನ ಮನೆಗೂ ಈ ಬೆಲೆಯೇ. ಮನೆ ಅದೇ, ಮರ ಅದೇ, ಮಣ್ಣೂ ಅದೇ. ಹಾಗಿದ್ದರೆ ಬೆಲೆ ಮಾತ್ರ ಇಷ್ಟು ಎತ್ತರಕ್ಕೆ ಏರಿದ್ದು ಹೇಗೆ? ಅಷ್ಟು ಬೆಲೆಯ ಊರಿನಲ್ಲಿ ವಾಸಿಸುತ್ತಿರುವವರಾದರೂ ಯಾರು? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಹೊರಟರೆ ದೊರೆಯುವ ಸಂಗತಿ ಒಂದೇ: ಇಲ್ಲಿ ಯಾರು ಇರಬಲ್ಲರು ಎಂಬುದನ್ನು ನಿರ್ಧರಿಸುವಲ್ಲಿ ಇಂದಿನ ಗಳಿಕೆಯಷ್ಟೇ ಮುಖ್ಯವಾದದ್ದು ಅವರು ಯಾವ ಕಾಲದಲ್ಲಿ ಬಂದರು ಎಂಬುದು.

ಮಾರಲಾಗದ ಭೂಮಿ

ರೈಲ್ವೆ ಉದ್ಯಮಿಯೂ ರಾಜಕಾರಣಿಯೂ ಆಗಿದ್ದ ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್ ಮತ್ತು ಅವರ ಪತ್ನಿ ಜೇನ್ ಅವರಿಗೆ ಇದ್ದದ್ದು ಒಬ್ಬನೇ ಮಗ. 1884ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಆತ ವಿಷಮಶೀತ ಜ್ವರಕ್ಕೆ ಬಲಿಯಾದಾಗ ವಯಸ್ಸು ಕೇವಲ 15. ಮಗನ ನೆನಪಿಗಾಗಿ ದಂಪತಿ 1885ರಲ್ಲಿ ವಿಶ್ವವಿದ್ಯಾನಿಲಯವೊಂದನ್ನು ಸ್ಥಾಪಿಸಿ ತಮ್ಮ ಜಮೀನನ್ನು ಅದಕ್ಕೆ ದಾನವಾಗಿತ್ತರು. ಪಾಲೊ ಆಲ್ಟೊದ ಈ ಜಮೀನನ್ನು ಎಂದಿಗೂ ಮಾರುವಂತಿಲ್ಲ ಎಂಬುದು ದಾನದ ಷರತ್ತು.

ಇಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಒಡೆತನದಲ್ಲಿ 8,180 ಎಕರೆ ಭೂಮಿ ಇದೆ. ಮಾರುವಂತಿಲ್ಲವಾದ್ದರಿಂದ ವಿಶ್ವವಿದ್ಯಾನಿಲಯ ಅದರ ಒಂದಷ್ಟು ಭಾಗವನ್ನು ಗುತ್ತಿಗೆಗೆ ಕೊಡುವ ದಾರಿ ಹಿಡಿಯಿತು. 1951ರಲ್ಲಿ ಆರಂಭವಾದ ಸ್ಟ್ಯಾನ್‌ಫರ್ಡ್ ಕೈಗಾರಿಕಾ ಪ್ರದೇಶ ಇದರ ಫಲ. ಸುಮಾರು 700 ಎಕರೆಯ ಈ ಪ್ರದೇಶವೇ ಮುಂದೆ ಸಂಶೋಧನಾ ಪಾರ್ಕ್ ಎಂದು ಹೆಸರು ಬದಲಿಸಿಕೊಂಡು ಸಿಲಿಕಾನ್ ಕಣಿವೆಯ ಹುಟ್ಟಿಗೆ ಕಾರಣವಾದ ಸ್ಥಳಗಳಲ್ಲೊಂದಾಯಿತು. ಕಂಪನಿಗಳಿಗೆ ನೆಲ ಸಿಕ್ಕಿತು, ವಿಶ್ವವಿದ್ಯಾನಿಲಯಕ್ಕೆ ಆದಾಯ ಬಂತು, ಊರಿಗೆ ಉದ್ಯೋಗಗಳು ಬಂದವು. ಆ ಉದ್ಯೋಗಗಳಿಗೆ ತಕ್ಕಷ್ಟು ಮನೆಗಳು ಮಾತ್ರ ಬರಲಿಲ್ಲ.

ಊರು ಹುಟ್ಟಿದ ಬಗೆಯೂ ಕುತೂಹಲಕರ. ವಿಶ್ವವಿದ್ಯಾನಿಲಯದ ಸಮೀಪದಲ್ಲಿ ಮೇಫೀಲ್ಡ್ ಎಂಬ ಊರು ಮೊದಲೇ ಇತ್ತು. ಮದ್ಯದಂಗಡಿಗಳನ್ನು ಮುಚ್ಚಬೇಕೆಂಬ ಸ್ಟ್ಯಾನ್‌ಫರ್ಡ್ ಅವರ ಬೇಡಿಕೆಗೆ ಆ ಊರು ಒಪ್ಪಲಿಲ್ಲ. ಆಗ ಅವರ ಆಪ್ತ ಟಿಮೊಥಿ ಹಾಪ್ಕಿನ್ಸ್ ಪಕ್ಕದಲ್ಲೇ ಜಮೀನು ಕೊಂಡು ನಿವೇಶನಗಳಾಗಿ ವಿಂಗಡಿಸಿ, ಮದ್ಯ ಮಾರುವಂತಿಲ್ಲ ಎಂಬ ಷರತ್ತನ್ನು ಕ್ರಯಪತ್ರಗಳಲ್ಲೇ ಸೇರಿಸಿದರು. ಆ ಹೊಸ ಊರೇ ಪಾಲೊ ಆಲ್ಟೊ. 1894ರಲ್ಲಿ ಅದು ನಗರವಾಯಿತು. 1925ರಲ್ಲಿ ಮೇಫೀಲ್ಡನ್ನು ತನ್ನೊಳಗೆ ಸೇರಿಸಿಕೊಂಡಿತು. ಇಲ್ಲಿ ಯಾರು, ಹೇಗೆ ಬಾಳಬೇಕೆಂಬುದನ್ನು ಕ್ರಯಪತ್ರದ ಮೂಲಕವೇ ತೀರ್ಮಾನಿಸುವ ಅಭ್ಯಾಸ ಊರಿನ ಹುಟ್ಟಿನೊಂದಿಗೇ ಬಂದದ್ದು ಎನ್ನಬಹುದು.

ವಾಸಿಸುತ್ತಿರುವವರು ಯಾರು?

2020ರ ಜನಗಣತಿಯಂತೆ ಪಾಲೊ ಆಲ್ಟೊದ ಜನಸಂಖ್ಯೆ 68,572. ವಿಶ್ವವಿದ್ಯಾನಿಲಯದ ಆವರಣ ನಗರದ ಎಲ್ಲೆಯ ಹೊರಗಿರುವುದರಿಂದ ಅಲ್ಲಿನ ವಸತಿಗಳಲ್ಲಿರುವ ವಿದ್ಯಾರ್ಥಿಗಳು ಈ ಲೆಕ್ಕಕ್ಕೆ ಸೇರಿಲ್ಲ. ನಿವಾಸಿಗಳಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಮಂದಿ ಏಷ್ಯಾ ಮೂಲದವರು; ಚೀನಾ ಮತ್ತು ಭಾರತ ಮೂಲದವರು ಇವರಲ್ಲಿ ಪ್ರಮುಖರು. ಆಫ್ರಿಕನ್ ಅಮೆರಿಕನ್ನರ ಪಾಲು ಶೇ. 2ರ ಆಸುಪಾಸಿನಲ್ಲಿದೆ. ವಯಸ್ಕರಲ್ಲಿ ಐವರಿಗೆ ನಾಲ್ವರು ಪದವೀಧರರು. ಕುಟುಂಬಗಳ ಮಧ್ಯಮ ವಾರ್ಷಿಕ ಆದಾಯ, ಅಂದರೆ ಅರ್ಧದಷ್ಟು ಕುಟುಂಬಗಳು ಅದಕ್ಕಿಂತ ಹೆಚ್ಚು ಮತ್ತು ಅರ್ಧದಷ್ಟು ಕುಟುಂಬಗಳು ಅದಕ್ಕಿಂತ ಕಡಿಮೆ ಗಳಿಸುವ ಮೊತ್ತ, 2 ಲಕ್ಷ ಡಾಲರ್ ದಾಟಿದೆ.

ಈ ಸರಾಸರಿಗಳ ಹಿಂದೆ ಕನಿಷ್ಠ ನಾಲ್ಕು ಬಗೆಯ ಜನರಿದ್ದಾರೆ. ಮೊದಲನೆಯವರು, ನಾಲ್ಕೈದು ದಶಕಗಳ ಹಿಂದೆ ಮನೆ ಕೊಂಡವರು: ನಿವೃತ್ತ ಎಂಜಿನಿಯರುಗಳು, ಶಿಕ್ಷಕರು, ಅಧ್ಯಾಪಕರು. ಇವರ ಮನೆಯ ಬೆಲೆ ಕೋಟಿಗಳಲ್ಲಿದ್ದರೂ ಕೈಯಲ್ಲಿರುವುದು ಪಿಂಚಣಿ ಮಾತ್ರ. ಎರಡನೆಯವರು, ತಂತ್ರಜ್ಞಾನ ಕಂಪನಿಗಳ ಷೇರುಗಳಿಂದ ಸಿರಿವಂತರಾಗಿ ಇತ್ತೀಚೆಗೆ ಬಂದವರು. ಮೂರನೆಯವರು ಬಾಡಿಗೆದಾರರು, ನಗರದ ಮನೆಗಳಲ್ಲಿ ಅರ್ಧಕ್ಕಿಂತ ತುಸು ಕಡಿಮೆ ಬಾಡಿಗೆ ಮನೆಗಳೇ ಆಗಿವೆ. ಒಳ್ಳೆಯ ಸರ್ಕಾರಿ ಶಾಲೆಗಳಿಗೆ ಮಕ್ಕಳನ್ನು ಸೇರಿಸಬೇಕೆಂಬ ಒಂದೇ ಕಾರಣಕ್ಕೆ ದುಬಾರಿ ಬಾಡಿಗೆ ತೆತ್ತು ಇರುವ ಕುಟುಂಬಗಳು ಇವರಲ್ಲಿ ಬಹಳ. ನಾಲ್ಕನೆಯವರು ವಿಶ್ವವಿದ್ಯಾನಿಲಯದ ಜನ.

ವಿಶ್ವವಿದ್ಯಾನಿಲಯ ತನ್ನವರಿಗಾಗಿ ಬೇರೆಯೇ ವ್ಯವಸ್ಥೆ ಮಾಡಿಕೊಂಡಿದೆ. ಪದವಿ ವಿದ್ಯಾರ್ಥಿಗಳಲ್ಲಿ ಬಹುತೇಕ ಎಲ್ಲರಿಗೂ ಆವರಣದಲ್ಲೇ ವಸತಿಯಿದೆ. ಸ್ನಾತಕೋತ್ತರ ವಿದ್ಯಾರ್ಥಿಗಳಿಗಾಗಿ 2020ರಲ್ಲಿ 2,000ಕ್ಕೂ ಹೆಚ್ಚು ಮಂದಿಗೆ ಸಾಲುವ ಹೊಸ ವಸತಿ ಸಮುಚ್ಚಯ ತೆರೆಯಿತು. ಆವರಣದಲ್ಲಿರುವ ಅಧ್ಯಾಪಕರ ಮನೆಗಳದು ವಿಶಿಷ್ಟ ಪದ್ಧತಿ. ಕಟ್ಟಡ ಅಧ್ಯಾಪಕರದು, ನೆಲ ವಿಶ್ವವಿದ್ಯಾನಿಲಯದ್ದು. ದೀರ್ಘಾವಧಿ ಗುತ್ತಿಗೆಯ ಮೇಲೆ ನೆಲ ಪಡೆದು ಮನೆ ಕೊಂಡವರು ಅದನ್ನು ಮಾರುವುದಾದರೆ ಅರ್ಹರಾದ ಇನ್ನೊಬ್ಬ ಅಧ್ಯಾಪಕರಿಗೋ ಸಿಬ್ಬಂದಿಗೋ ಮಾತ್ರ ಮಾರಬೇಕು. ಹೊರಗಿನ ಧನಿಕರು ಹರಾಜು ಕೂಗಿದಂತೆ ಬೆಲೆ ಏರಿಸಲು ಇಲ್ಲಿ ಎಡೆಯಿಲ್ಲ. ಆವರಣದ ಹೊರಗೆ, ಸಂಶೋಧನಾ ಪಾರ್ಕಿನ ನೆಲದಲ್ಲೂ ಇದೇ ಬಗೆಯಲ್ಲಿ 180 ಮನೆಗಳನ್ನು ಅಧ್ಯಾಪಕರಿಗಾಗಿ ಕಟ್ಟಲಾಗಿದೆ. 1885ರ ಷರತ್ತು ಯಾರೂ ಊಹಿಸದ ರೀತಿಯಲ್ಲಿ ಇಂದಿನ ಅಧ್ಯಾಪಕರನ್ನು ಕಾಪಾಡುತ್ತಿದೆ.

ಬೆಲೆ ಏರಿದ ಬಗೆ

ಬೆಲೆಯೇರಿಕೆಗೆ ಮೊದಲ ಕಾರಣ ಉದ್ಯೋಗ ಮತ್ತು ಮನೆಗಳ ನಡುವಿನ ಅಂತರ. ಹ್ಯೂಲೆಟ್ ಪ್ಯಾಕರ್ಡ್ ಕಂಪನಿ 1939ರಲ್ಲಿ ಹುಟ್ಟಿದ್ದು ಈ ಊರಿನ ಅಡಿಸನ್ ಅವೆನ್ಯೂದ ಒಂದು ಗ್ಯಾರೇಜಿನಲ್ಲಿ. ಗೂಗಲ್ ತನ್ನ ಆರಂಭದ ದಿನಗಳಲ್ಲಿ, 1999ರಲ್ಲಿ, ಯೂನಿವರ್ಸಿಟಿ ಅವೆನ್ಯೂದಲ್ಲಿ ಕಚೇರಿ ಮಾಡಿಕೊಂಡಿತ್ತು. ಫೇಸ್‌ಬುಕ್ 2004ರಲ್ಲಿ ಇಲ್ಲಿಗೇ ಬಂತು. ಇಂದು ನಗರದಲ್ಲಿರುವ ಉದ್ಯೋಗಗಳ ಸಂಖ್ಯೆ ಮನೆಗಳ ಸಂಖ್ಯೆಯ ಸುಮಾರು ಮೂರು ಪಟ್ಟು. ಆದರೆ ಜನಸಂಖ್ಯೆ 1970ರಲ್ಲೇ 56 ಸಾವಿರದಷ್ಟಿತ್ತು. ಅಂದರೆ ಜಗತ್ತನ್ನೇ ಬದಲಿಸಿದ ಉದ್ಯಮವೊಂದು ಬೆಳೆದ 50 ವರ್ಷಗಳಲ್ಲಿ ಊರಿಗೆ ಹೆಚ್ಚುವರಿಯಾಗಿ ಸೇರಿದವರು 12-13 ಸಾವಿರ ಮಂದಿ ಅಷ್ಟೆ.

ಎರಡನೆಯ ಕಾರಣ ಕಟ್ಟಡ ನಿಯಮ. ನಗರದ ವಸತಿ ಪ್ರದೇಶದ ಬಹುಭಾಗವನ್ನು ಒಂದು ನಿವೇಶನಕ್ಕೆ ಒಂದೇ ಕುಟುಂಬದ ಮನೆ ಎಂಬ ನಿಯಮಕ್ಕೆ ಒಳಪಡಿಸಲಾಗಿತ್ತು. ಕಟ್ಟಡಗಳು 50 ಅಡಿಗಿಂತ ಎತ್ತರವಿರಬಾರದೆಂಬ ಮಿತಿ 1970ರ ದಶಕದಲ್ಲಿ ಬಂತು. ಅದೇ ದಶಕದಲ್ಲಿ ಪಶ್ಚಿಮದ ಬೆಟ್ಟಸಾಲನ್ನು ಕಟ್ಟಡಗಳಿಂದ ಕಾಪಾಡುವ ನಿರ್ಧಾರವೂ ಆಯಿತು. ಪರಿಸರದ ದೃಷ್ಟಿಯಿಂದ ಇದು ಶ್ಲಾಘನೀಯ ಕ್ರಮ. ಆದರೆ ಊರು ಅಡ್ಡಡ್ಡ ಬೆಳೆಯದಂತೆ ತಡೆದವರೇ ಮೇಲಕ್ಕೂ ಬೆಳೆಯದಂತೆ ತಡೆದಾಗ ಉಳಿದದ್ದು ಬೆಲೆ ಬೆಳೆಯುವ ದಾರಿಯೊಂದೇ.

ಮೂರನೆಯದು ಹಣದ ಸ್ವರೂಪ. ಇಲ್ಲಿ ಮನೆ ಕೊಳ್ಳುವ ಅನೇಕರು ತಿಂಗಳ ಸಂಬಳವನ್ನು ನೆಚ್ಚಿಕೊಂಡವರಲ್ಲ. 2004ರಲ್ಲಿ ಗೂಗಲ್, 2012ರಲ್ಲಿ ಫೇಸ್‌ಬುಕ್ ಷೇರುಪೇಟೆ ಪ್ರವೇಶಿಸಿದಾಗ ಅಲ್ಲಿನ ಉದ್ಯೋಗಿಗಳಿಗೆ ದೊರೆತ ಸಂಪತ್ತು ಸುತ್ತಲಿನ ಮನೆಗಳತ್ತ ಹರಿಯಿತು. ಸಂಬಳದ ಹಣ ಷೇರಿನ ಹಣದೊಂದಿಗೆ ಪೈಪೋಟಿ ನಡೆಸಲಾರದು.

ಸಣ್ಣದೊಂದು ಲೆಕ್ಕ ಹಾಕಿ ನೋಡಬಹುದು. 30 ಲಕ್ಷ ಡಾಲರಿನ ಮನೆಗೆ ಐದನೆಯ ಒಂದು ಭಾಗ, ಅಂದರೆ 6 ಲಕ್ಷ ಡಾಲರನ್ನು ಕೈಯಿಂದ ಕೊಟ್ಟು ಉಳಿದದ್ದನ್ನು ಶೇ. 6.5ರ ಬಡ್ಡಿಗೆ 30 ವರ್ಷಗಳ ಸಾಲವಾಗಿ ಪಡೆದರೆ ತಿಂಗಳ ಕಂತು ಸುಮಾರು 15 ಸಾವಿರ ಡಾಲರ್. ಆಸ್ತಿ ತೆರಿಗೆ ತಿಂಗಳಿಗೆ ಇನ್ನೂ ಎರಡೂವರೆ ಸಾವಿರ. ವರ್ಷಕ್ಕೆ ಒಟ್ಟು 2 ಲಕ್ಷ 10 ಸಾವಿರ. ಶ್ರೀಮಂತವೆನಿಸಿಕೊಂಡ ಈ ನಗರದ ಮಧ್ಯಮ ಆದಾಯದ ಕುಟುಂಬವೊಂದು ತನ್ನ ಗಳಿಕೆಯನ್ನೆಲ್ಲ ತಂದು ಸುರಿದರೂ ಮನೆಯ ಕಂತು ತೀರಿಸಿ ಊಟಕ್ಕೆ ಉಳಿಯುವುದು ಕಷ್ಟ.

ಮೊದಲು ಬಂದವರ ತೆರಿಗೆ

ಹಾಗಾದರೆ ಹಳಬರು ಹೇಗೆ ಉಳಿದುಕೊಂಡರು? ಇದಕ್ಕೆ ಉತ್ತರ 1978ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಅಂಗೀಕರಿಸಿದ 13ನೇ ಪ್ರಸ್ತಾವದಲ್ಲಿದೆ. ಇದರ ಪ್ರಕಾರ ಆಸ್ತಿ ತೆರಿಗೆಯ ಮೂಲ ದರ ಶೇ. 1 ಮೀರುವಂತಿಲ್ಲ. ತೆರಿಗೆಗೆ ಆಧಾರವಾಗುವ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ. ಮನೆ ಮಾರಾಟವಾದಾಗ ಮಾತ್ರ ಹೊಸ ಬೆಲೆ ಲೆಕ್ಕಕ್ಕೆ ಬರುತ್ತದೆ.

ಉದಾಹರಣೆಗೆ, 1980ರಲ್ಲಿ ಒಬ್ಬರು 1 ಲಕ್ಷ ಡಾಲರಿಗೆ ಮನೆ ಕೊಂಡರು ಎಂದಿಟ್ಟುಕೊಳ್ಳೋಣ. ಪ್ರತಿವರ್ಷ ಶೇ. 2ರಂತೆ ಏರಿದರೂ 2025ರಲ್ಲಿ ತೆರಿಗೆ ಲೆಕ್ಕದ ಮೌಲ್ಯ 2 ಲಕ್ಷ 44 ಸಾವಿರ ಡಾಲರ್. ಮೂಲ ದರದಂತೆ ಅವರು ಕಟ್ಟಬೇಕಾದ ತೆರಿಗೆ 2,440 ಡಾಲರ್. ಪಕ್ಕದ ಅಂಥದೇ ಮನೆಯನ್ನು ಕಳೆದ ವರ್ಷ 30 ಲಕ್ಷ ಡಾಲರಿಗೆ ಕೊಂಡವರು ಕಟ್ಟಬೇಕಾದದ್ದು 30 ಸಾವಿರ ಡಾಲರ್. ಒಂದೇ ಬೀದಿ, ಒಂದೇ ಶಾಲೆ, ಒಂದೇ ಅಗ್ನಿಶಾಮಕ ದಳ. ತೆರಿಗೆ ಮಾತ್ರ ಹನ್ನೆರಡು ಪಟ್ಟು.

ವೃದ್ಧರು ತೆರಿಗೆಯ ಭಾರಕ್ಕೆ ಮನೆ ಕಳೆದುಕೊಳ್ಳಬಾರದೆಂಬುದು ಈ ಕಾನೂನಿನ ಪರವಾಗಿದ್ದ ದೊಡ್ಡ ವಾದ. ಆ ಮಟ್ಟಿಗೆ ಅದು ಫಲ ನೀಡಿದೆ. ಆದರೆ ಅದರ ಇನ್ನೊಂದು ಪರಿಣಾಮವನ್ನೂ ಮರೆಯುವಂತಿಲ್ಲ. ಮಕ್ಕಳೆಲ್ಲ ದೂರ ಹೋಗಿ ದೊಡ್ಡ ಮನೆಯಲ್ಲಿ ಒಬ್ಬಂಟಿಯಾಗಿರುವವರೂ ಮನೆ ಬಿಡಲು ಹಿಂಜರಿಯುತ್ತಾರೆ. ಬಿಟ್ಟರೆ ಕಡಿಮೆ ತೆರಿಗೆಯ ಸವಲತ್ತು ಕೈತಪ್ಪೀತೆಂಬ ಭಯ. ಮಾರಾಟಕ್ಕೆ ಬರುವ ಮನೆಗಳು ಕಡಿಮೆಯಾದಷ್ಟೂ ಬೆಲೆ ಏರುತ್ತದೆ. ತಂದೆತಾಯಿಯರ ಹಳೆಯ ತೆರಿಗೆ ಮೌಲ್ಯ ಮಕ್ಕಳಿಗೂ ಸಲ್ಲುವ ಅವಕಾಶ ಬಹುಕಾಲ ಇತ್ತು. 2020ರಲ್ಲಿ ಅಂಗೀಕಾರವಾದ 19ನೇ ಪ್ರಸ್ತಾವ ಇದನ್ನು ಬಿಗಿಗೊಳಿಸಿತು. ಮಕ್ಕಳು ಆ ಮನೆಯಲ್ಲೇ ವಾಸಿಸಿದರೆ ಮಾತ್ರ, ಅದೂ ಒಂದು ಮಿತಿಯೊಳಗೆ ಈ ರಿಯಾಯಿತಿ ದೊರೆಯುತ್ತದೆ. ಅದೇ ಪ್ರಸ್ತಾವ, 55 ವರ್ಷ ದಾಟಿದವರು ರಾಜ್ಯದೊಳಗೆ ಬೇರೆ ಮನೆಗೆ ಹೋಗುವಾಗ ಹಳೆಯ ತೆರಿಗೆ ಮೌಲ್ಯವನ್ನು ಜೊತೆಗೆ ಒಯ್ಯುವ ಅವಕಾಶವನ್ನೂ ವಿಸ್ತರಿಸಿದೆ.

ಹೆದ್ದಾರಿಯ ಆಚೆ ಬದಿ

ಮೊದಲು ಬಂದವರಿಗೆ ಲಾಭವೆನ್ನುವಾಗ, ಮೊದಲು ಬರಲು ಯಾರಿಗೆ ಅವಕಾಶವಿತ್ತು ಎಂಬ ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಅನೇಕ ನಗರಗಳಂತೆ ಪಾಲೊ ಆಲ್ಟೊದ ಹಲವು ಬಡಾವಣೆಗಳ ಕ್ರಯಪತ್ರಗಳಲ್ಲೂ ಬಿಳಿಯರಲ್ಲದವರಿಗೆ ಮನೆ ಮಾರಬಾರದೆಂಬ ಷರತ್ತುಗಳಿದ್ದವು. ಅಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1948ರಲ್ಲಿ ಹೇಳಿತು. ವಸತಿಯಲ್ಲಿ ತಾರತಮ್ಯವನ್ನು ನಿಷೇಧಿಸುವ ಕೇಂದ್ರ ಕಾನೂನು ಬಂದದ್ದು 1968ರಲ್ಲಿ.

ಇದಕ್ಕೆ ಅಪವಾದವೂ ಇತ್ತು. ಜೋಸೆಫ್ ಐಕ್ಲರ್ ಎಂಬ ಕಟ್ಟಡ ಉದ್ಯಮಿ ಪಾಲೊ ಆಲ್ಟೊದಲ್ಲಿ 2,000ಕ್ಕೂ ಹೆಚ್ಚು ಮನೆಗಳನ್ನು ಕಟ್ಟಿದರು. ಗಾಜಿನ ಗೋಡೆ, ತಗ್ಗಾದ ಚಾವಣಿ, ನಡುವೆ ಅಂಗಳವಿದ್ದ ಈ ಮನೆಗಳು ಮಧ್ಯಮ ವರ್ಗದವರಿಗಾಗಿಯೇ ರೂಪುಗೊಂಡವು. ಬಣ್ಣ ನೋಡದೆ ಮಾರುತ್ತಿದ್ದ ಐಕ್ಲರ್, ಕಟ್ಟಡ ಉದ್ಯಮಿಗಳ ರಾಷ್ಟ್ರೀಯ ಸಂಘ ತಾರತಮ್ಯದ ವಿರುದ್ಧ ನಿಲ್ಲದ ಕಾರಣಕ್ಕೆ 1958ರಲ್ಲಿ ಅದರಿಂದ ಹೊರಬಂದರು. ಅಂದು ಮಧ್ಯಮ ವರ್ಗದ ಕೈಗೆಟುಕುತ್ತಿದ್ದ ಅವರ ಮನೆಗಳೂ ಇಂದು ಕೋಟ್ಯಧೀಶರ ಮನೆಗಳಾಗಿವೆ.

101ನೇ ಹೆದ್ದಾರಿಯ ಆಚೆ ಬದಿಗೆ ಈಸ್ಟ್ ಪಾಲೊ ಆಲ್ಟೊ ಇದೆ. ಹೆಸರು ಒಂದೇ ಬಗೆಯದಾದರೂ ಅದು ಬೇರೆ ಕೌಂಟಿಗೆ ಸೇರಿದ, 1983ರಲ್ಲಿ ಅಸ್ತಿತ್ವಕ್ಕೆ ಬಂದ ಬೇರೆಯೇ ನಗರ. ಬೇರೆಡೆ ಮನೆ ಸಿಗದ ಕಪ್ಪು ಜನರು ಹಿಂದೆ ನೆಲೆಸಿದ್ದು ಅಲ್ಲಿ. ಇಂದು ಅಲ್ಲಿ ಬಹುಸಂಖ್ಯಾತರು ಲ್ಯಾಟಿನ್ ಅಮೆರಿಕ ಮೂಲದವರು. ಪಾಲೊ ಆಲ್ಟೊದ ಮನೆಗಳನ್ನು ಶುಚಿಗೊಳಿಸುವ, ತೋಟ ನೋಡಿಕೊಳ್ಳುವ, ಹೋಟೆಲುಗಳಲ್ಲಿ ಅಡುಗೆ ಮಾಡುವ ಅನೇಕರು ಹೆದ್ದಾರಿ ದಾಟಿ ಬರುತ್ತಾರೆ. ಈಗ ಅಲ್ಲಿಯೂ ಬೆಲೆ ಏರಿದೆ. ಇನ್ನೂ ಅಗ್ಗದ ಮನೆ ಅರಸಿ ಪೂರ್ವದ ಒಳನಾಡಿಗೆ ಹೋದವರು ದಿನಕ್ಕೆ ಮೂರು ನಾಲ್ಕು ಗಂಟೆಗಳನ್ನು ರಸ್ತೆಯಲ್ಲೇ ಕಳೆಯಬೇಕಾಗಿದೆ.

ಎರಡು ಹೋರಾಟಗಳು

ಈ ಪ್ರಶ್ನೆ ಊರಿನ ರಾಜಕೀಯವನ್ನೂ ಕಲಕಿದೆ. ಮೇಬೆಲ್ ಅವೆನ್ಯೂದಲ್ಲಿ ಕಡಿಮೆ ಆದಾಯದ ವೃದ್ಧರಿಗಾಗಿ 60 ಮನೆಗಳನ್ನು ಕಟ್ಟುವ ಯೋಜನೆಗೆ ನಗರಸಭೆ ಒಪ್ಪಿಗೆ ನೀಡಿತ್ತು. 2013ರ ನವೆಂಬರ್‌ನಲ್ಲಿ ನಡೆದ ಜನಮತದಲ್ಲಿ ನಗರದ ಮತದಾರರು ಅದನ್ನು ತಳ್ಳಿಹಾಕಿದರು. 2016ರಲ್ಲಿ ನಗರದ ಯೋಜನಾ ಆಯೋಗದ ಸದಸ್ಯೆ, ವಕೀಲೆ ಕೇಟ್ ಡೌನಿಂಗ್ ರಾಜೀನಾಮೆ ನೀಡಿ ಊರು ತೊರೆದರು. ಇನ್ನೊಂದು ದಂಪತಿಯೊಂದಿಗೆ ಹಂಚಿಕೊಂಡಿದ್ದ ಮನೆಗೆ ತಿಂಗಳಿಗೆ 6,200 ಡಾಲರ್ ಬಾಡಿಗೆ ತೆರುತ್ತಿದ್ದುದನ್ನು ಬಹಿರಂಗ ಪತ್ರದಲ್ಲಿ ತಿಳಿಸಿದ್ದ ಅವರು, ವಕೀಲೆ ಮತ್ತು ಸಾಫ್ಟ್‌ವೇರ್ ಎಂಜಿನಿಯರ್ ದಂಪತಿಗೇ ಸಂಸಾರ ಕಟ್ಟಲಾಗದ ಊರಿನಲ್ಲಿ ಉಳಿದವರ ಪಾಡೇನೆಂಬ ಪ್ರಶ್ನೆಯನ್ನು ಮುಂದಿಟ್ಟರು.

ಇನ್ನೊಂದು ಹೋರಾಟ ಗೆಲುವು ಕಂಡಿತು. ಬ್ಯೂನಾ ವಿಸ್ಟಾ ಎಂಬುದು ನಗರದಲ್ಲಿ ಉಳಿದಿದ್ದ ಏಕೈಕ ಮೊಬೈಲ್ ಹೋಂ ಪಾರ್ಕ್. ಸಾಗಿಸಬಹುದಾದಂತೆ ಕಟ್ಟಿದ ಚಿಕ್ಕ ಮನೆಗಳು, ಅವುಗಳ ಕೆಳಗೆ ಬಾಡಿಗೆಯ ನೆಲ. ಅಲ್ಲಿದ್ದ ಸುಮಾರು 400 ಮಂದಿಯಲ್ಲಿ ಹೆಚ್ಚಿನವರು ಲ್ಯಾಟಿನ್ ಅಮೆರಿಕ ಮೂಲದ ದುಡಿಯುವ ಕುಟುಂಬಗಳವರು. 2012ರಲ್ಲಿ ನೆಲದ ಮಾಲೀಕರು ಪಾರ್ಕ್ ಮುಚ್ಚಲು ಮುಂದಾದರು. ನಿವಾಸಿಗಳು ಐದು ವರ್ಷ ಹೋರಾಡಿದರು. ಊರಿನ ಶಾಲೆಗಳಲ್ಲಿ ಓದುತ್ತಿದ್ದ ಮಕ್ಕಳ ಭವಿಷ್ಯ ಚರ್ಚೆಯ ಕೇಂದ್ರವಾಯಿತು. ಕೊನೆಗೆ 2017ರಲ್ಲಿ ನಗರ ಮತ್ತು ಕೌಂಟಿಯ ನೆರವಿನೊಂದಿಗೆ ಸಾರ್ವಜನಿಕ ವಸತಿ ಪ್ರಾಧಿಕಾರ 4 ಕೋಟಿ ಡಾಲರಿಗೂ ಹೆಚ್ಚು ಹಣ ತೆತ್ತು ಆ ನೆಲವನ್ನು ಕೊಂಡುಕೊಂಡಿತು. ಪೇಟೆಯ ಬೆಲೆಯಲ್ಲಿ ನೆಲ ಕೊಂಡು ಬಡವರನ್ನು ಉಳಿಸಿಕೊಳ್ಳುವುದು ಎಷ್ಟು ದುಬಾರಿ ಎಂಬುದಕ್ಕೂ ಇದೇ ಸಾಕ್ಷಿ.

ಕನ್ನಡಿಗರು ಎಲ್ಲಿದ್ದಾರೆ?

ಸಿಲಿಕಾನ್ ಕಣಿವೆಯಲ್ಲಿ ಕನ್ನಡಿಗರಿಗೆ ದೀರ್ಘ ಇತಿಹಾಸವಿದೆ. ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟ 1973ರಷ್ಟು ಹಿಂದೆಯೇ ಸ್ಥಾಪನೆಯಾಯಿತು. ಆದರೆ ಕನ್ನಡ ಕುಟುಂಬಗಳು ಹೆಚ್ಚಾಗಿ ನೆಲೆಸಿರುವುದು ಪಾಲೊ ಆಲ್ಟೊದಲ್ಲಲ್ಲ. ಸನ್ನಿವೇಲ್, ಸಾಂತಾ ಕ್ಲಾರಾ, ಫ್ರೀಮಾಂಟ್, ಸ್ಯಾನ್ ಹೋಸೆಗಳಂಥ ನೆರೆಯ ನಗರಗಳಲ್ಲಿ. ಅಲ್ಲಿಯೂ ಬೆಲೆ ಅಗ್ಗವೇನಲ್ಲ. ಮೊದಲು ಬಂದವರು ಮತ್ತು ನಂತರ ಬಂದವರ ನಡುವಣ ಅಂತರ ನಮ್ಮವರಲ್ಲೂ ಕಾಣುತ್ತದೆ. ಎಂಬತ್ತು ತೊಂಬತ್ತರ ದಶಕದಲ್ಲಿ ಹೋಗಿ ಮನೆ ಮಾಡಿದವರು ಇಂದು ನೆಮ್ಮದಿಯಾಗಿದ್ದಾರೆ. ಅದೇ ವಿದ್ಯೆ, ಅದಕ್ಕಿಂತ ಹೆಚ್ಚಿನ ಸಂಬಳವಿರುವ ಇಂದಿನ ಯುವಕರು ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ ಗ್ರೀನ್ ಕಾರ್ಡಿಗಾಗಿ ವರ್ಷಗಟ್ಟಲೆ ಕಾಯುತ್ತಿದ್ದಾರೆ. ಕೆಲಸ ಹೋದರೆ ದೇಶವನ್ನೇ ಬಿಡಬೇಕಾದ ವೀಸಾದಲ್ಲಿರುವವರಿಗೆ 30 ವರ್ಷಗಳ ಸಾಲ ಮಾಡುವ ಧೈರ್ಯ ಬರುವುದು ಸುಲಭವಲ್ಲ. ಊರಿನಲ್ಲಿರುವ ತಂದೆತಾಯಿ ಮಗ ಅಮೆರಿಕದಲ್ಲಿ ಇಷ್ಟು ಗಳಿಸಿಯೂ ಏಕೆ ಮನೆ ಕೊಂಡಿಲ್ಲವೆಂದು ಕೇಳಿದರೆ, ಅದಕ್ಕೆ ಉತ್ತರ ಮೇಲಿನ ಲೆಕ್ಕದಲ್ಲಿದೆ.

ಮುಂದಿನ ದಾರಿ

ಪರಿಸ್ಥಿತಿ ಬದಲಾಗುವ ಸೂಚನೆಗಳೂ ಇವೆ. 2023ರಿಂದ 2031ರ ಅವಧಿಯಲ್ಲಿ 6,086 ಹೊಸ ಮನೆಗಳಿಗೆ ಅವಕಾಶ ಕಲ್ಪಿಸುವ ಯೋಜನೆ ಪಾಲೊ ಆಲ್ಟೊದಲ್ಲಿ ಇರಬೇಕೆಂದು ನಿಗದಿಯಾಗಿದೆ. ಒಂದು ಮನೆಯ ನಿವೇಶನವನ್ನು ವಿಭಾಗಿಸಿ ಹೆಚ್ಚು ಮನೆ ಕಟ್ಟಲು ಅನುವು ಮಾಡುವ ರಾಜ್ಯದ ಕಾನೂನು 2022ರಲ್ಲಿ ಜಾರಿಗೆ ಬಂತು. ಶಾಲಾ ಶಿಕ್ಷಕರಿಗಾಗಿಯೇ 110 ಮನೆಗಳ ಸಮುಚ್ಚಯವೊಂದನ್ನು ಕೌಂಟಿ ತನ್ನ ಜಾಗದಲ್ಲಿ ಕೈಗೆತ್ತಿಕೊಂಡಿತು. ಅದಕ್ಕೆ ಫೇಸ್‌ಬುಕ್‌ನ ಮಾತೃಸಂಸ್ಥೆ 2.5 ಕೋಟಿ ಡಾಲರ್ ನೆರವು ಘೋಷಿಸಿತು. ಆದರೆ ದೊಡ್ಡ ಮಾತುಕತೆಗಳು ಮುರಿದುಬಿದ್ದ ಉದಾಹರಣೆಯೂ ಇದೆ. ಸ್ಟ್ಯಾನ್‌ಫರ್ಡ್ ತನ್ನ ಆವರಣದ ವಿಸ್ತರಣೆಗೆ ಸಲ್ಲಿಸಿದ್ದ ಅರ್ಜಿಯನ್ನು, ಎಷ್ಟು ಮನೆ ಕಟ್ಟಿಕೊಡಬೇಕು ಮತ್ತಿತರ ಷರತ್ತುಗಳ ಬಗ್ಗೆ ಕೌಂಟಿಯೊಂದಿಗೆ ಒಮ್ಮತ ಮೂಡದೆ 2019ರ ನವೆಂಬರ್‌ನಲ್ಲಿ ಹಿಂತೆಗೆದುಕೊಂಡಿತು.

ಪಾಲೊ ಆಲ್ಟೊದ ಅನುಭವದಿಂದ ತಿಳಿಯುವುದಿಷ್ಟು. ವಿಶ್ವವಿದ್ಯಾನಿಲಯ ಊರಿಗೆ ಹೆಸರು ತರುತ್ತದೆ, ಹೆಸರು ಉದ್ಯಮವನ್ನು ತರುತ್ತದೆ, ಉದ್ಯಮ ಜನರನ್ನು ಕರೆಯುತ್ತದೆ. ಬಂದ ಜನರಿಗೆ ಸೂರು ಕಟ್ಟಲು ಊರು ಒಪ್ಪದಿದ್ದರೆ, ಆ ಸಮೃದ್ಧಿಯೆಲ್ಲ ಮೊದಲೇ ನೆಲ ಹಿಡಿದವರ ಪಾಲಾಗುತ್ತದೆ. ಪೇಟೆಯ ಪೈಪೋಟಿಗೆ ಸಿಲುಕದೆ ಅಲ್ಲಿ ಉಳಿದುಕೊಂಡ ಮನೆಗಳು ಎರಡು ಬಗೆಯವು: ಮಾರಲಾಗದ ವಿಶ್ವವಿದ್ಯಾನಿಲಯದ ನೆಲದ ಮೇಲಿನ ಅಧ್ಯಾಪಕರ ಮನೆಗಳು, ಮತ್ತು ಸಾರ್ವಜನಿಕ ಹಣದಿಂದ ಉಳಿಸಿಕೊಂಡ ಬ್ಯೂನಾ ವಿಸ್ಟಾದಂಥ ದುಡಿಯುವವರ ಮನೆಗಳು. ಮೊದಲನೆಯದಕ್ಕೆ ಬೇಕಾದದ್ದು 1885ರ ಒಂದು ಷರತ್ತು. ಎರಡನೆಯದಕ್ಕೆ ಐದು ವರ್ಷಗಳ ಹೋರಾಟ ಮತ್ತು 4 ಕೋಟಿ ಡಾಲರ್. ನೆಲದ ಬೆಲೆ ಏರುವ ಮುನ್ನವೇ ನಿಯಮ ರೂಪಿಸಿಕೊಂಡರೆ ಎಷ್ಟು ಉಳಿತಾಯವೆಂಬುದನ್ನು ಈ ಎರಡು ಅಂಕಿಗಳೇ ಹೇಳುತ್ತವೆ.